ಗಾಲ್ಫ್ ಅಂಗಳಕ್ಕೆ ಮರುಪ್ರವೇಶ: ಹಳೆಯ ಖಾತೆ, ಹೊಸ ಆರಂಭಿಕ ಶಿಲ್ಕು

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಮಾಲೀಕರು 2024ರ ಆಯುಧಪೂಜೆಯ ಹಿಂದಿನ ವಾರ ಮನೆಯ ಅಟ್ಟದಿಂದ ತಮ್ಮ ಗಾಲ್ಫ್ ಚೀಲವನ್ನು ಕೆಳಗಿಳಿಸಿದರು. ಅದು ಅಟ್ಟ ಸೇರಿ 16 ವರ್ಷಗಳಾಗಿದ್ದವು. ಕೈಗವಸು ಒಣಗಿ ಹಪ್ಪಳದಂತಾಗಿತ್ತು. ಕ್ಲಬ್‌ಗಳ ಹಿಡಿಕೆಯ ರಬ್ಬರು ಗಟ್ಟಿಯಾಗಿ ಗಾಜಿನಂತೆ ಜಾರುತ್ತಿತ್ತು. ಪಕ್ಕದ ಜೇಬಿನಲ್ಲಿ 2008ರ ನವೆಂಬರ್ ತಿಂಗಳ ಒಂದು ಸ್ಕೋರ್ ಕಾರ್ಡ್ ದೊರೆಯಿತು. ಒಟ್ಟು ಹೊಡೆತ 84 ಎಂದು ಬರೆದಿತ್ತು. ಕೆಳಗೆ ಎರಡು ಸಹಿಗಳಿದ್ದವು. ಒಂದು ಅವರದೇ. ಇನ್ನೊಂದು, 2009ರಿಂದೀಚೆಗೆ ಅವರೊಡನೆ ಮಾತು ಬಿಟ್ಟಿದ್ದ ಗೆಳೆಯರದು.

"ಇದೂ ಒಂದು ಆಯುಧವೇ ಅಲ್ಲವೇನ್ರೀ, ಪೂಜೆಗೆ ಇಟ್ಟುಬಿಡಿ" ಎಂದು ಮನೆಯಾಕೆ ಹಾಸ್ಯ ಮಾಡಿದರು. ಹಬ್ಬದ ದಿನ ಲೇತ್ ಯಂತ್ರಗಳಿಗೂ ವಾಹನಗಳಿಗೂ ಆದ ಹಾಗೆ ಆ ಚೀಲಕ್ಕೂ ಕುಂಕುಮ ಬಿದ್ದಿತು. ಅವರಿಗೆ ಆಗ 57 ವರ್ಷ. ಕಾರ್ಖಾನೆಯ ದೈನಂದಿನ ವ್ಯವಹಾರವನ್ನು ಮಗ ವಹಿಸಿಕೊಂಡಿದ್ದ. ರಕ್ತದ ಸಕ್ಕರೆ ಗಡಿ ದಾಟಿದೆ, ಪ್ರತಿದಿನ ನಡೆಯಲೇಬೇಕು ಎಂದು ವೈದ್ಯರು ಹೇಳಿದ್ದರು. ಉದ್ಯಾನವನದಲ್ಲಿ ಸುತ್ತು ಹಾಕುವುದಕ್ಕೆ ಮನಸ್ಸೊಪ್ಪದ ವ್ಯಕ್ತಿಗೆ, 18 ಕುಳಿಗಳನ್ನು ಮುಗಿಸುವಷ್ಟರಲ್ಲಿ ಏಳೆಂಟು ಕಿಲೋಮೀಟರ್ ನಡೆಸಿಬಿಡುವ ಆಟವೊಂದು ನೆನಪಾದದ್ದು ಸಹಜವೇ ಆಗಿದೆ.

ಇವರಂತಹವರು ನಮ್ಮ ವಾಣಿಜ್ಯ ವಲಯದಲ್ಲಿ ಅನೇಕರಿದ್ದಾರೆ. ಉದಾರೀಕರಣದ ನಂತರದ ವರ್ಷಗಳಲ್ಲಿ ವಿದೇಶಿ ಖರೀದಿದಾರರ ಆಹ್ವಾನದ ಮೇರೆಗೆ ಮೊದಲ ಬಾರಿ ಗಾಲ್ಫ್ ಅಂಗಳಕ್ಕೆ ಕಾಲಿಟ್ಟವರು. ಹತ್ತು ಹನ್ನೆರಡು ವರ್ಷ ಹುರುಪಿನಿಂದ ಆಡಿದವರು. ಮಕ್ಕಳ ವಿದ್ಯಾಭ್ಯಾಸ, ಬ್ಯಾಂಕಿನ ಕಂತು, ಕಾರ್ಮಿಕರ ಸಮಸ್ಯೆ ಎಂಬ ಯಾವುದೋ ಒಂದು ಕಾರಣಕ್ಕೆ ಭಾನುವಾರಗಳನ್ನು ಕಾರ್ಖಾನೆಗೆ ಬಿಟ್ಟುಕೊಟ್ಟವರು. ಕರ್ನಾಟಕದಲ್ಲಿ ಈ ಆಟಕ್ಕೆ ಸ್ಥಳದ ಕೊರತೆಯಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದೆಯೇ ಸ್ಥಾಪನೆಯಾದದ್ದು. ಹಳೆಯ ವಿಮಾನ ನಿಲ್ದಾಣದ ಸಮೀಪ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಂಗಳವಿದೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲೂ, ಕೊಡಗು ಚಿಕ್ಕಮಗಳೂರುಗಳ ಕಾಫಿ ಸೀಮೆಯಲ್ಲೂ ಅಂಗಳಗಳಿವೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದಾಗ, ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲಿಯೂ ಬೆಳಗಿನ ಜಾವ ದೂರದರ್ಶನ ಹಚ್ಚಿದ್ದರು. ಬಿಡದಿ ಬಳಿಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಹೆಸರು ಮಾಡಿದ್ದಾರೆ. ಆಟ ಹೀಗೆ ಹೊಸ ಮನೆಗಳಿಗೆ ಹೋಗುತ್ತಿರುವಾಗ ಹಳೆಯ ಆಟಗಾರರ ಚೀಲಗಳು ಮಾತ್ರ ಅಟ್ಟದಲ್ಲಿಯೇ ಉಳಿದಿವೆ.

ಬಿಟ್ಟದ್ದೇಕೆ?

ಬಿಟ್ಟದ್ದೇಕೆ ಎಂದು ಯಾರಾದರೂ ಕೇಳಿದರೆ ಈ ಉದ್ಯಮಿ ಎರಡು ಕಾರಣಗಳನ್ನು ಹೇಳುತ್ತಿದ್ದರು. ಎರಡೂ ಲೆಕ್ಕಕ್ಕೆ ಸಂಬಂಧಿಸಿದವು. ಮೊದಲನೆಯದು ಫ್ರಿಂಜ್ ಬೆನಿಫಿಟ್ ತೆರಿಗೆ. 2005ರ ಹಣಕಾಸು ಕಾಯಿದೆಯ ಮೂಲಕ ಬಂದ ಈ ತೆರಿಗೆಯಡಿ, ಕಂಪನಿಯು ಕ್ಲಬ್ಬಿನ ಸೌಲಭ್ಯಕ್ಕೆ ಮಾಡಿದ ವೆಚ್ಚದ ಶೇಕಡ 50ನ್ನು ಸೌಲಭ್ಯದ ಮೌಲ್ಯವೆಂದು ಹಿಡಿದು, ಅದರ ಮೇಲೆ ಶೇಕಡ 30ರ ದರದಲ್ಲಿ ಕಂಪನಿಯೇ ತೆರಿಗೆ ಕಟ್ಟಬೇಕಾಗಿತ್ತು. ನಷ್ಟದಲ್ಲಿರುವ ಕಂಪನಿಗೂ ವಿನಾಯಿತಿ ಇರಲಿಲ್ಲ. 2009ರಲ್ಲಿ ಈ ತೆರಿಗೆ ರದ್ದಾಯಿತಾದರೂ ಅಷ್ಟರಲ್ಲಿ ಹಲವು ಸಣ್ಣ ಕಂಪನಿಗಳು ಕ್ಲಬ್ಬಿನ ಬಿಲ್ಲುಗಳನ್ನು ತಮ್ಮ ಪುಸ್ತಕಗಳಿಂದ ಹೊರಗೆ ಹಾಕಿದ್ದವು. ಎರಡನೆಯ ಕಾರಣ 2008ರ ಕೊನೆಯಲ್ಲಿ ಬಂದೆರಗಿದ ಜಾಗತಿಕ ಆರ್ಥಿಕ ಹಿಂಜರಿತ. ರಫ್ತು ಮಾಡುವ ಗ್ರಾಹಕರಿಂದ ಬರುತ್ತಿದ್ದ ಆರ್ಡರುಗಳು ಕೆಲವೇ ತಿಂಗಳಲ್ಲಿ ಅರ್ಧಕ್ಕಿಳಿದವು. ಮೂರು ಪಾಳಿಯ ಕಾರ್ಖಾನೆ ಒಂದು ಪಾಳಿಗೆ ಬಂದಿತು. ಅಂತಹ ಸಮಯದಲ್ಲಿ ಮಾಲೀಕನು ಬೆಳಗಿನ ಹೊತ್ತು ಗಾಲ್ಫ್ ಆಡುವುದು ಕಾರ್ಮಿಕರ ಕಣ್ಣಿಗೆ ಹೇಗೆ ಕಂಡೀತು ಎಂಬ ಸಂಕೋಚವೂ ಇತ್ತು.

ಹೇಳದೆ ಉಳಿಸಿಕೊಂಡ ಮೂರನೆಯ ಕಾರಣವೇ ನಿಜವಾದದ್ದು. ಪ್ರತಿ ಭಾನುವಾರ ಜೊತೆಗೆ ಆಡುತ್ತಿದ್ದ ನಾಲ್ವರಲ್ಲಿ ಒಬ್ಬರು ಇವರ ಗ್ರಾಹಕರೂ ಆಗಿದ್ದರು. ಹಿಂಜರಿತದ ಆ ವರ್ಷ ಅವರಿಂದ ಬರಬೇಕಾಗಿದ್ದ ದೊಡ್ಡ ಮೊತ್ತವೊಂದು ಬರಲಿಲ್ಲ. ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣ ತಡವಾದರೆ, ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಲು 2006ರ ಎಂಎಸ್ಎಂಇಡಿ ಕಾಯಿದೆ ಅವಕಾಶ ಕೊಡುತ್ತದೆ. ಗೆಳೆಯನ ಮೇಲೆ ಆ ಅಸ್ತ್ರ ಪ್ರಯೋಗಿಸಲು ಮನಸ್ಸು ಬರಲಿಲ್ಲ. ಬದಲಾಗಿ ಕ್ಲಬ್ಬಿನ ಮೆಟ್ಟಿಲ ಮೇಲೆ, ನಾಲ್ಕು ಜನರ ಎದುರಿಗೆ, ಆಡಬಾರದ ಮಾತು ಆಡಿದರು. ಅತ್ತ ಕಡೆಯಿಂದಲೂ ಅಂತಹದೇ ಉತ್ತರ ಬಂದಿತು. ಕಾಯಿದೆಯ ದಾರಿ ಹಿಡಿದಿದ್ದರೆ ಗೆಳೆತನ ಉಳಿಯುತ್ತಿತ್ತೋ ಏನೋ. ನೋಟೀಸನ್ನು ಮರೆಯುವಷ್ಟು ಸುಲಭವಾಗಿ ಮನುಷ್ಯರು ಮಾತನ್ನು ಮರೆಯುವುದಿಲ್ಲ. ಬಾಕಿ ಮೊತ್ತ ಕೆಲವು ವರ್ಷಗಳ ನಂತರ ವಸೂಲಾಗದ ಸಾಲವೆಂದು ಪುಸ್ತಕದಲ್ಲಿ ವಜಾ ಆಯಿತು. ಆ ನಾಲ್ವರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಮಗಳ ಬಳಿಗೆ ಅಮೆರಿಕಕ್ಕೆ ಹೋದರು. ಚೀಲ ಅಟ್ಟಕ್ಕೇರಿತು.

ಇದರಲ್ಲೊಂದು ವಿಚಿತ್ರವಿದೆ. ಕಂಪನಿಯ ಪುಸ್ತಕದಿಂದ ಕ್ಲಬ್ಬಿನ ಬಿಲ್ಲು ಹೋಯಿತೇ ಹೊರತು ಸದಸ್ಯತ್ವ ಹೋಗಿರಲಿಲ್ಲ. ಅದು ಅವರ ಸ್ವಂತ ಹೆಸರಿನಲ್ಲಿತ್ತು. ಮಾಸಿಕ ಚಂದಾ ಅವರ ಉಳಿತಾಯ ಖಾತೆಯಿಂದ ತಾನೇ ತಾನಾಗಿ 16 ವರ್ಷ ಕಟ್ಟಿಕೊಂಡು ಬಂದಿತ್ತು. ಒಂದು ಬಾರಿಯೂ ಒಳಗೆ ಹೋಗದೆ 190ಕ್ಕೂ ಹೆಚ್ಚು ಕಂತು! ಕಾರ್ಖಾನೆಯಲ್ಲಿ ಒಂದು ಡಬ್ಬ ಗ್ರೀಸಿನ ಲೆಕ್ಕ ಕೇಳುವ ವ್ಯಕ್ತಿ ತನ್ನ ಸ್ವಂತ ಪಾಸ್‌ಬುಕ್ಕಿನ ಆ ಸಾಲನ್ನು ಎಂದೂ ಪ್ರಶ್ನಿಸಲಿಲ್ಲ. ಬಿಟ್ಟೆನೆಂದು ಹೇಳುವವರು ಪೂರ್ತಿಯಾಗಿ ಬಿಟ್ಟಿರುವುದಿಲ್ಲ ಎಂಬುದಕ್ಕೆ ಬ್ಯಾಂಕಿನ ದಾಖಲೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೈಯ ನೆನಪು, ಸೊಂಟದ ಮರೆವು

ಮರಳಿ ಬರುವ ಆಟಗಾರನ ಮೊದಲ ತಪ್ಪು ಒಂದೇ ರೀತಿಯದು. ನೇರವಾಗಿ ಡ್ರೈವಿಂಗ್ ರೇಂಜ್‌ಗೆ ಹೋಗಿ, ಚೀಲದ ಅತ್ಯಂತ ಉದ್ದದ ಕ್ಲಬ್ಬಾದ ಡ್ರೈವರನ್ನು ಹೊರಗೆಳೆದು, ತನ್ನ 40ನೆಯ ವಯಸ್ಸಿನ ಹೊಡೆತವನ್ನು ಹುಡುಕಲಾರಂಭಿಸುವುದು. ಈ ಉದ್ಯಮಿಯೂ ಅದನ್ನೇ ಮಾಡಿದರು. ಮೊದಲ ಬುಟ್ಟಿಯ ಚೆಂಡುಗಳಲ್ಲಿ ಎರಡು ಮೂರು ಹೊಡೆತಗಳು ಹಳೆಯ ಸದ್ದಿನೊಂದಿಗೆ ನೇರವಾಗಿ ಹಾರಿದವು. ಹಿಗ್ಗಿದ ಅವರು ಎರಡನೆಯ ಬುಟ್ಟಿ ತರಿಸಿದರು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಮಗನ ಕೈ ಹಿಡಿಯಬೇಕಾಯಿತು. ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆಗಳೆದ್ದಿದ್ದವು. ಹತ್ತು ದಿನ ವಿಶ್ರಾಂತಿ.

ಗಾಲ್ಫ್ ಹೊಡೆತ ಕೈಯ ಬಲದ ಕೆಲಸವಲ್ಲ. ಸೊಂಟ ಹಾಗೂ ಬೆನ್ನಿನ ಮೇಲ್ಭಾಗ ಒಂದಕ್ಕೊಂದು ವಿರುದ್ಧವಾಗಿ ತಿರುಚಿಕೊಂಡು, ಕ್ಷಣಾರ್ಧದಲ್ಲಿ ಬಿಚ್ಚಿಕೊಳ್ಳುವುದರಿಂದ ಚೆಂಡಿಗೆ ವೇಗ ಬರುತ್ತದೆ. ಹದಿನಾರು ವರ್ಷ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿದ ಸೊಂಟ ಅಷ್ಟು ತಿರುಗುವುದಿಲ್ಲ. ಆ ಕೊರತೆಯನ್ನು ಬೆನ್ನಿನ ಕೆಳಭಾಗ ತುಂಬಿಕೊಡಲು ಹೋಗಿ ನೋಯುತ್ತದೆ. ಹವ್ಯಾಸಿ ಗಾಲ್ಫ್ ಆಟಗಾರರಲ್ಲಿ ಕೆಳಬೆನ್ನಿನ ನೋವು ಅತಿ ಸಾಮಾನ್ಯ ತೊಂದರೆಗಳಲ್ಲೊಂದು. ಟೈಗರ್ ವುಡ್ಸ್‌ರಂತಹ ಆಟಗಾರರೇ ಬೆನ್ನಿನ ಹಲವು ಶಸ್ತ್ರಚಿಕಿತ್ಸೆಗಳಿಗೆ ಒಳಗಾಗಿ, 2017ರಲ್ಲಿ ಬೆನ್ನುಮೂಳೆಯ ಕೊಂಡಿಗಳನ್ನು ಕೂಡಿಸಿಕೊಂಡು, 2019ರಲ್ಲಿ ಮಾಸ್ಟರ್ಸ್ ಗೆದ್ದರು. ಅದು 11 ವರ್ಷಗಳ ನಂತರ ಅವರಿಗೆ ಸಿಕ್ಕ ಪ್ರಮುಖ ಪ್ರಶಸ್ತಿ. ಆ ಕಥೆಯಿಂದ ಹುರುಪು ಪಡೆಯುವವರು, ಅವರ ಹಿಂದೆ ವೈದ್ಯರೂ ತರಬೇತುದಾರರೂ ಇದ್ದರೆಂಬುದನ್ನು ಮರೆಯಬಾರದು.

ಹತ್ತು ದಿನಗಳ ನಂತರ ಅಂಗಳಕ್ಕೆ ಬಂದಾಗ ಹಳೆಯ ಕ್ಯಾಡಿಯೊಬ್ಬರು ಗುರುತು ಹಿಡಿದರು. ಅವರ ಕೂದಲೂ ಬೆಳ್ಳಗಾಗಿತ್ತು. ನಾಲ್ಕೈದು ಹೊಡೆತಗಳನ್ನು ಮೌನವಾಗಿ ನೋಡಿ, "ಕೈಗೆ ಎಲ್ಲಾ ನೆನಪಿದೆ ಸಾರ್. ಸೊಂಟ ಮರ್ತಿದೆ" ಎಂದರು. ಮುಂದಿನ ಒಂದು ತಿಂಗಳು ಡ್ರೈವರನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ ಎಂದೂ ಹೇಳಿದರು. ಶುಲ್ಕ ತೆಗೆದುಕೊಂಡು ಸಲಹೆ ಕೊಡುವ ಅನೇಕರಿಗಿಂತ ಇದು ಉತ್ತಮ ಸಲಹೆಯಾಗಿತ್ತು.

ಇದರ ಹಿಂದೆ ಲೆಕ್ಕವೂ ಇದೆ. ಒಂದು ಪಾರ್ 72ರ ಅಂಗಳದಲ್ಲಿ ಪ್ರತಿ ಗ್ರೀನಿನ ಮೇಲೆ ಎರಡು ಪಟ್ ಎಂದು ಇಟ್ಟುಕೊಂಡೇ ಪಾರ್ ನಿಗದಿಯಾಗಿರುತ್ತದೆ. ಅಂದರೆ 72ರಲ್ಲಿ 36 ಹೊಡೆತಗಳು, ಸರಿಯಾಗಿ ಅರ್ಧ, ಪಟರ್‌ಗೆ ಸೇರಿದವು. ಡ್ರೈವರ್ ಕೈಗೆ ಬರುವುದು ಹೆಚ್ಚೆಂದರೆ 14 ಬಾರಿ. ಬೆನ್ನಿಗೆ ಕಿಂಚಿತ್ತೂ ಭಾರವಿಲ್ಲದ, ದುಬಾರಿ ಸಲಕರಣೆ ಬೇಡದ, ವಯಸ್ಸಾದಂತೆ ಅಷ್ಟಾಗಿ ಕುಂದದ ಕೌಶಲವೇ ಒಟ್ಟು ಮೊತ್ತದ ಅರ್ಧವನ್ನು ನಿರ್ಧರಿಸುತ್ತದೆ. ಆದುದರಿಂದ ಮರಳಿ ಬರುವವರು ಕುಳಿಯಿಂದ ಹಿಂದಕ್ಕೆ ಕಲಿಯುತ್ತ ಬರುವುದು ಕ್ಷೇಮ: ಮೊದಲು ಪಟ್, ನಂತರ ಗ್ರೀನಿನ ಅಂಚಿನಿಂದ ಚಿಪ್, ಆಮೇಲೆ ಚಿಕ್ಕ ಐರನ್‌ಗಳು, ಕೊನೆಗೆ ಡ್ರೈವರ್. ಪೂರ್ತಿ 18 ಕುಳಿಗಳಿಗೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯುವುದರಿಂದ ಮೊದಲ ಎರಡು ತಿಂಗಳು 9 ಕುಳಿಗಳೇ ಸಾಕು. ಸಕ್ಕರೆ ಕಾಯಿಲೆಯವರು, ಹೃದಯದ ತೊಂದರೆಯವರು ವೈದ್ಯರನ್ನು ಕೇಳಿಯೇ ಹೊರಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಲಕರಣೆಯ ವಿಷಯದಲ್ಲಿ ಉತ್ಸಾಹಕ್ಕೆ ಕಡಿವಾಣವಿರಲಿ. 1990ರ ದಶಕದಲ್ಲಿ ಕೊಂಡ ಕ್ಲಬ್‌ಗಳಿಗೆ ಪುಸ್ತಕದ ಬೆಲೆ ಸೊನ್ನೆಯಾಗಿರಬಹುದು, ಉಪಯೋಗ ಸೊನ್ನೆಯಲ್ಲ. ಈ ಉದ್ಯಮಿ ಮಾಡಿದ್ದು ಇಷ್ಟೆ: ಹಿಡಿಕೆಗಳನ್ನೆಲ್ಲ ಬದಲಾಯಿಸಿದರು, ಹೊಡೆಯಲು ಕಷ್ಟವಾದ 3 ಹಾಗೂ 4ನೆಯ ಐರನ್‌ಗಳ ಜಾಗಕ್ಕೆ ಹೈಬ್ರಿಡ್ ಎಂಬ, ದಪ್ಪ ತಲೆಯ ಸುಲಭ ಕ್ಲಬ್ ತಂದರು, ಗಡಸು ಉಕ್ಕಿನ ದಂಡದ ಡ್ರೈವರಿಗೆ ಬದಲು ಮೆದು ಗ್ರಾಫೈಟ್ ದಂಡದ್ದನ್ನು ಕೊಂಡರು. ಹೊಸ ಪೂರ್ಣ ಸೆಟ್ ಕೊಳ್ಳುವ ಯೋಚನೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಸೊಂಟ ಎಷ್ಟು ಮರಳುತ್ತದೆ ಎಂದು ತಿಳಿಯುವ ಮುನ್ನ ಅಳತೆ ಕೊಟ್ಟು ಕ್ಲಬ್ ಮಾಡಿಸುವುದು, ಆರ್ಡರ್ ಬರುವ ಮುನ್ನವೇ ಯಂತ್ರ ತರಿಸಿದಂತೆ.

ಹಳೆಯ ಹ್ಯಾಂಡಿಕ್ಯಾಪ್ ಆಸ್ತಿಯಲ್ಲ

2008ರಲ್ಲಿ ಅವರ ಹ್ಯಾಂಡಿಕ್ಯಾಪ್ 11 ಆಗಿತ್ತು. ಕ್ಲಬ್ಬಿನ ಕಚೇರಿಯಲ್ಲಿ ಅದನ್ನೇ ಬರೆದುಕೊಳ್ಳಿ ಎಂದಾಗ ಅಲ್ಲಿದ್ದ ಯುವಕ ವಿನಯದಿಂದಲೇ ಒಪ್ಪಲಿಲ್ಲ. 2020ರಿಂದ ಜಗತ್ತಿನಾದ್ಯಂತ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿದ್ದು, ಭಾರತವೂ ಅದನ್ನು ಅನುಸರಿಸುತ್ತಿದೆ. ಆಟಗಾರನ ಇತ್ತೀಚಿನ 20 ಸುತ್ತುಗಳಲ್ಲಿ ಉತ್ತಮವಾದ 8ರ ಸರಾಸರಿಯೇ ಈಗಿನ ಸೂಚ್ಯಂಕ. ಹಳೆಯ ಕಾಗದದ ದಾಖಲೆಗಳು ಹೊಸ ಗಣಕ ವ್ಯವಸ್ಥೆಗೆ ಬಂದಿರಲಿಲ್ಲ. ಹೊಸ ಆಟಗಾರನಂತೆ 54 ಕುಳಿಗಳ, ಅಂದರೆ ಮೂರು ಪೂರ್ಣ ಸುತ್ತುಗಳ ಕಾರ್ಡ್ ಕೊಡಿ ಎಂದರು.

ಹೊಸ ಲೆಕ್ಕ ಕುತೂಹಲಕರವಾಗಿದೆ. ಪ್ರತಿ ಅಂಗಳಕ್ಕೂ ಕೋರ್ಸ್ ರೇಟಿಂಗ್, ಸ್ಲೋಪ್ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು ನುರಿತ ಆಟಗಾರನಿಗೆ ಆ ಅಂಗಳ ಎಷ್ಟು ಕಷ್ಟವೆಂಬುದನ್ನೂ, ಎರಡನೆಯದು ಸಾಮಾನ್ಯ ಆಟಗಾರನಿಗೆ ಅದು ಅವನಿಗಿಂತ ಎಷ್ಟು ಹೆಚ್ಚು ಕಷ್ಟವೆಂಬುದನ್ನೂ ಹೇಳುತ್ತದೆ. ಸ್ಲೋಪ್‌ನ ಮೂಲಮಾನ 113. ರೇಟಿಂಗ್ 70, ಸ್ಲೋಪ್ 120 ಇರುವ ಅಂಗಳದಲ್ಲಿ ಒಬ್ಬರು 100 ಹೊಡೆತಗಳಲ್ಲಿ ಮುಗಿಸಿದರೆಂದು ಇಟ್ಟುಕೊಳ್ಳೋಣ. 100ರಲ್ಲಿ 70 ಕಳೆದರೆ 30. ಅದನ್ನು 113ರಿಂದ ಗುಣಿಸಿ 120ರಿಂದ ಭಾಗಿಸಿದರೆ 28.3. ಮೂರೇ ಕಾರ್ಡ್ ಇರುವಾಗ ಅವುಗಳಲ್ಲಿ ಕಡಿಮೆಯದನ್ನು ತೆಗೆದುಕೊಂಡು ಅದರಿಂದ 2 ಕಳೆಯುತ್ತಾರೆ. ಆರಂಭಿಕ ಸೂಚ್ಯಂಕ 26.3. ಸೂಚ್ಯಂಕದ ಗರಿಷ್ಠ ಮಿತಿ 54.0 ಆದುದರಿಂದ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಮೊದಲ ಬಾರಿ ಸೂಚ್ಯಂಕ ಪಡೆಯುವವರಿಗೆ ಯಾವುದೇ ಕುಳಿಯಲ್ಲಿ ಪಾರ್‌ಗಿಂತ 5ಕ್ಕಿಂತ ಹೆಚ್ಚು ಹೊಡೆತಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಬಂಕರ್‌ನಲ್ಲಿ ಬಿದ್ದು ಒದ್ದಾಡಿದವನ ವರ್ಷವಿಡೀ ಕೆಡದಿರಲಿ ಎಂಬ ಉದ್ದೇಶ.

ಆದರೂ 11ರಿಂದ 26ಕ್ಕೆ ಇಳಿಯುವುದು ಸುಲಭವಲ್ಲ. ಹಳೆಯ ಅಂಕಿಯನ್ನೇ ಹೇಳಿಕೊಂಡು ಪಂದ್ಯಗಳಲ್ಲಿ ಸೋಲುವವರಿದ್ದಾರೆ. ಬೇಕೆಂದೇ ಹೆಚ್ಚು ಅಂಕಿ ಇಟ್ಟುಕೊಂಡು ಬಹುಮಾನ ಗೆಲ್ಲುವವರೂ ಇದ್ದಾರೆ. ದಾಸ್ತಾನಿನ ಮೌಲ್ಯವನ್ನು ಬೇಕಾದಂತೆ ಏರಿಳಿಸುವವರನ್ನು ಕಂಡವರಿಗೆ ಈ ವರ್ಗ ಅಪರಿಚಿತವಲ್ಲ. ಹಳೆಯ ಹ್ಯಾಂಡಿಕ್ಯಾಪ್ ಮುಂದಿನ ವರ್ಷಕ್ಕೆ ಎಳೆದುಕೊಂಡು ಬರಬಹುದಾದ ಆಸ್ತಿಯಲ್ಲ. ಹದಿನಾರು ವರ್ಷದ ಸವಕಳಿಯನ್ನು ಒಂದೇ ದಿನ ಬರೆಯಬೇಕಾಗಿ ಬಂದ ಕಂಪನಿಯಂತೆ, ಮೊದಲ ಕಾರ್ಡಿನ 112 ಹಾಗೂ ಎರಡನೆಯದರ 107ನ್ನು ಈ ಉದ್ಯಮಿ ಎರಡೆರಡು ಬಾರಿ ಕೂಡಿ ನೋಡಿದರಂತೆ.

ನಿಯಮಗಳೂ ಬದಲಾಗಿವೆ. 2019ರ ಜನವರಿ 1ರಿಂದ ಬಂದ ಪರಿಷ್ಕರಣೆ ಆಟವನ್ನು ಸರಳಗೊಳಿಸಿದೆ. ಕಳೆದುಹೋದ ಚೆಂಡನ್ನು ಹುಡುಕಲು ಮೊದಲು 5 ನಿಮಿಷವಿತ್ತು, ಈಗ 3. ಚೆಂಡನ್ನು ಭುಜದ ಎತ್ತರದಿಂದ ಬಿಡುವ ಬದಲು ಮೊಣಕಾಲ ಎತ್ತರದಿಂದ ಬಿಡಬೇಕು. ಬಾವುಟ ಕುಳಿಯಲ್ಲಿದ್ದಂತೆಯೇ ಪಟ್ ಮಾಡಬಹುದು. ಗ್ರೀನಿನ ಮೇಲೆ ಬೂಟಿನ ಗುರುತುಗಳನ್ನು ಸರಿಪಡಿಸಬಹುದು. ಅಲ್ಲಿ ಆಕಸ್ಮಿಕವಾಗಿ ಚೆಂಡು ಅಲುಗಿದರೆ ದಂಡವಿಲ್ಲ. ದೂರ ಅಳೆಯುವ ಸಾಧನಗಳಿಗೆ ಸಾಮಾನ್ಯವಾಗಿ ಅನುಮತಿಯಿದೆ. ಹಳಬರು ಹಳೆಯ ನಿಯಮದ ನೆನಪಿನಲ್ಲಿ ಕಿರಿಯರನ್ನು ತಿದ್ದಲು ಹೋಗಿ ಮುಜುಗರಕ್ಕೊಳಗಾಗುವುದು ಈಗ ನಿತ್ಯದ ದೃಶ್ಯ.

ಖರ್ಚು ಯಾರ ಖಾತೆಗೆ?

ಆಟಕ್ಕೆ ಮರಳುವ ಉದ್ಯಮಿ ಮೊದಲ ತಿಂಗಳ ಬಿಲ್ಲು ಬಂದ ಕೂಡಲೇ ಕೇಳುವ ಪ್ರಶ್ನೆಯಿದು. ಕಂಪನಿಯೇ ಪಡೆದ ಕ್ಲಬ್ ಸದಸ್ಯತ್ವದ ಶುಲ್ಕ ಬಂಡವಾಳ ವೆಚ್ಚವೋ ರಾಜಸ್ವ ವೆಚ್ಚವೋ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಯುನೈಟೆಡ್ ಗ್ಲಾಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ನೌಕರರಿಗಾಗಿ ಕಟ್ಟಿದ ಕ್ಲಬ್ ಸದಸ್ಯತ್ವ ಶುಲ್ಕವನ್ನು 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮಿನಡಿ ವ್ಯವಹಾರದ ವೆಚ್ಚವೆಂದು ಒಪ್ಪಿತು. ಆದರೆ ಅಷ್ಟಕ್ಕೆ ನಿರಾಳವಾಗುವಂತಿಲ್ಲ. ನಿರ್ದೇಶಕರ ಸ್ವಂತ ಆಟದ ಖರ್ಚನ್ನು ಕಂಪನಿ ಭರಿಸಿದರೆ ಅದು ಅವರ ಕೈಯಲ್ಲಿ ವೇತನದೊಂದಿಗೆ ಸೇರುವ ಪರ್ಕ್ವಿಸಿಟ್ ಆಗುತ್ತದೆ. ವ್ಯವಹಾರಕ್ಕಾಗಿಯೇ ಆಡಿದ್ದು ಎನ್ನುವುದಾದರೆ ದಿನಾಂಕ, ವೆಚ್ಚದ ಸ್ವರೂಪ, ವ್ಯವಹಾರದ ಅಗತ್ಯ ಇವೆಲ್ಲವನ್ನೂ ದಾಖಲಿಸಿಟ್ಟಿರಬೇಕು. 1961ರ ಕಾಯಿದೆಯ 3ಸಿಡಿ ನಮೂನೆಯಲ್ಲಿ ಕ್ಲಬ್ಬಿನ ಪ್ರವೇಶ ಶುಲ್ಕ, ಚಂದಾ ಹಾಗೂ ಸೇವೆಗಳ ವೆಚ್ಚವನ್ನು ಲೆಕ್ಕಪರಿಶೋಧಕರು ಪ್ರತ್ಯೇಕವಾಗಿಯೇ ತೋರಿಸುತ್ತ ಬಂದಿದ್ದಾರೆ. ಜಿಎಸ್‌ಟಿಯಲ್ಲಂತೂ ಸಂದೇಹಕ್ಕೆ ಎಡೆಯಿಲ್ಲ: ಕ್ಲಬ್ ಸದಸ್ಯತ್ವದ ಮೇಲಿನ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೇಂದ್ರ ಕಾಯಿದೆಯ 17(5)ನೆಯ ಕಲಮಿನಡಿ ನಿರ್ಬಂಧಿತ.

ಗಾಲ್ಫ್ ಅಂಗಳದಲ್ಲಿ ಕೋಟಿಗಟ್ಟಲೆ ವ್ಯವಹಾರ ಕುದುರುತ್ತದೆ ಎಂಬ ಮಾತು ಬಹಳ ಹಳೆಯದು, ಬಹುಪಾಲು ಉತ್ಪ್ರೇಕ್ಷೆ. ನಾಲ್ಕು ಗಂಟೆ ಜೊತೆಯಲ್ಲಿ ನಡೆದವರ ಸ್ವಭಾವ ತಿಳಿಯುತ್ತದೆ ಎಂಬುದು ಮಾತ್ರ ನಿಜ. ಆರ್ಡರ್ ಸಿಗುವುದು ಬೆಲೆ, ಗುಣಮಟ್ಟ, ಸಮಯಪಾಲನೆಗಳಿಂದಲೇ. ಈ ಉದ್ಯಮಿ ಈ ಬಾರಿ ಕಂಪನಿಯ ಪುಸ್ತಕಕ್ಕೆ ಒಂದು ರೂಪಾಯಿಯನ್ನೂ ಹಾಕಲಿಲ್ಲ. ಮಗ ಕೇಳಿದ್ದಕ್ಕೆ, "ಆಗ ಕಂಪನಿ ದುಡ್ಡಲ್ಲಿ ಆಡಿದ್ದಕ್ಕೇ ಗ್ರಾಹಕ ಯಾರು, ಗೆಳೆಯ ಯಾರು ಅಂತ ಗೊತ್ತಾಗದೇ ಹೋಯ್ತು" ಎಂದರಂತೆ.

ಮೂರನೆಯ ಕಾರ್ಡ್

ಹ್ಯಾಂಡಿಕ್ಯಾಪ್‌ಗಾಗಿ ಕೊಡುವ ಕಾರ್ಡಿಗೆ ಆಟಗಾರನ ಸಹಿಯೊಂದೇ ಸಾಲದು. ಜೊತೆಯಲ್ಲಿ ಆಡಿ, ಹೊಡೆತಗಳನ್ನು ಬರೆದುಕೊಂಡ ಮಾರ್ಕರ್‌ನ ಸಹಿಯೂ ಬೇಕು. ಲೆಕ್ಕಪರಿಶೋಧನೆಯನ್ನು ಬಲ್ಲವರಿಗೆ ಈ ಆಟದ ಅತ್ಯಂತ ಮೆಚ್ಚುಗೆಯ ಭಾಗ ಇದೇ ಆಗಿರಬೇಕು. ಒಟ್ಟು ಹೊಡೆತಗಳನ್ನು ಎಣಿಸುವ ಸ್ಪರ್ಧೆಯಲ್ಲಿ ಯಾವುದಾದರೂ ಕುಳಿಗೆ ನಿಜಕ್ಕಿಂತ ಕಡಿಮೆ ಅಂಕಿ ಬರೆದು ಸಹಿ ಮಾಡಿದರೆ ಆಟಗಾರ ಅನರ್ಹನಾಗುತ್ತಾನೆ. ನಿಜಕ್ಕಿಂತ ಹೆಚ್ಚು ಬರೆದು ಸಹಿ ಮಾಡಿದರೆ ಆ ಹೆಚ್ಚಿನ ಅಂಕಿಯೇ ಅವನಿಗೆ ಉಳಿಯುತ್ತದೆ. ಹೊಣೆಯನ್ನು ಕಡಿಮೆ ತೋರಿಸಿದವನಿಗೆ ಕ್ಷಮೆಯಿಲ್ಲ; ಹೆಚ್ಚು ತೋರಿಸಿದವನು ತನ್ನ ಅಜಾಗರೂಕತೆಯ ನಷ್ಟವನ್ನು ತಾನೇ ಹೊರಬೇಕು. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್ ಎಂಬ ಶ್ರೇಷ್ಠ ಆಟಗಾರ, ಬೇರೆ ಯಾರೂ ಕಾಣದಿದ್ದರೂ ತನ್ನ ಚೆಂಡು ಹುಲ್ಲಿನಲ್ಲಿ ಅಲುಗಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡ ತೆಗೆದುಕೊಂಡರು. ಕೊನೆಗೆ ಸಮಬಲವಾಗಿ, ಮರುಸುತ್ತಿನಲ್ಲಿ ಪ್ರಶಸ್ತಿ ಕಳೆದುಕೊಂಡರು.

ಮೊದಲ ಎರಡು ಕಾರ್ಡುಗಳಿಗೆ ಸಾಫ್ಟ್‌ವೇರ್ ಕ್ಷೇತ್ರದ ಇಬ್ಬರು ಯುವಕರು ಮಾರ್ಕರ್ ಆಗಿದ್ದರು. ಮೂರನೆಯದಕ್ಕೆ, 2025ರ ಜನವರಿಯ ಒಂದು ಭಾನುವಾರ, ಮಂಜು ಇನ್ನೂ ಹರಿಯದಿದ್ದ ಬೆಳಿಗ್ಗೆ, ಸ್ಟಾರ್ಟರ್ ಹೆಸರುಗಳನ್ನು ಜೋಡಿಸುತ್ತ ಇವರನ್ನು ಒಬ್ಬಂಟಿಯಾಗಿ ಬಂದಿದ್ದ ಹಿರಿಯ ಸದಸ್ಯರೊಬ್ಬರ ಜೊತೆಗೆ ಹಾಕಿದ. ಹದಿನಾರು ವರ್ಷದ ಹಿಂದಿನ ಸಂಗತಿ ಆ ಹುಡುಗನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

"ಆಡ್ತೀರಾ?" ಎಂದರು ಆ ಗೆಳೆಯ. ಒಂದು ಕಾಲದಲ್ಲಿ ಏಕವಚನದಲ್ಲಿ ಮಾತಾಡಿಕೊಳ್ಳುತ್ತಿದ್ದವರು.

"ಆಡೋಣ ಬನ್ನಿ."

ಹದಿಮೂರು ಕುಳಿಗಳವರೆಗೆ ಆಟಕ್ಕೆ ಬೇಕಾದಷ್ಟೇ ಮಾತು. ಗೆಳೆಯರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಿದ್ದರು. ಇವರು ಡ್ರೈವರನ್ನು ಮುಕ್ಕಾಲು ಬಲದಲ್ಲಿ ಬೀಸುತ್ತಿದ್ದರು. ಹದಿನಾಲ್ಕನೆಯ ಕುಳಿಯಲ್ಲಿ ಚೆಂಡು ಬಲಗಡೆಯ ಎತ್ತರದ ಹುಲ್ಲಿಗೆ ಬಿದ್ದಿತು. ಇವರು ಕ್ಲಬ್ಬನ್ನು ಚೆಂಡಿನ ಹಿಂದೆ ಊರಿದಾಗ ಹುಲ್ಲು ಕುಸಿದು ಚೆಂಡು ಅರ್ಧ ಉರುಳು ಉರುಳಿತು. ಗ್ರೀನಿನ ಮೇಲೆ ದಂಡವಿಲ್ಲದ ಈ ಆಕಸ್ಮಿಕಕ್ಕೆ ಹುಲ್ಲಿನಲ್ಲಿ ಇಂದಿಗೂ ದಂಡವಿದೆ: ಒಂದು ಹೊಡೆತ, ಚೆಂಡನ್ನು ಮೊದಲಿದ್ದಲ್ಲಿಗೆ ಇಡಬೇಕು. ಕ್ಯಾಡಿ ಬೇರೆ ಕಡೆ ನೋಡುತ್ತಿದ್ದರು. ಗೆಳೆಯರು ಫೇರ್‌ವೇಯ ಆಚೆ ಬದಿಯಲ್ಲಿದ್ದರು. ಆ ವೇಳೆಗೆ ನಡೆದಿದ್ದ ಲೆಕ್ಕದ ಪ್ರಕಾರ, ಹದಿನಾರು ವರ್ಷಗಳ ನಂತರ ಮೊದಲ ಬಾರಿ 100ರೊಳಗೆ ಮುಗಿಸುವ ಸಾಧ್ಯತೆಯಿತ್ತು.

ಇವರು ಕೈಯೆತ್ತಿ, "ಒಂದು ಸೇರಿಸಿಕೊಳ್ಳಿ, ಚೆಂಡು ಅಲುಗಿತು" ಎಂದರು.

"ನಾನು ನೋಡಲಿಲ್ಲ."

"ನಾನು ನೋಡಿದೆ."

ಹದಿನೆಂಟನೆಯ ಗ್ರೀನಿನ ಪಕ್ಕದ ಬೆಂಚಿನ ಮೇಲೆ ಕುಳಿತು ಕೂಡಿದಾಗ ಮೊತ್ತ 100 ಬಂದಿತು. ಗೆಳೆಯರು ಸಹಿ ಹಾಕಲು ಪೆನ್ನು ತೆಗೆದವರು ಹಾಗೆಯೇ ಹಿಡಿದುಕೊಂಡು, "ಆವತ್ತಿನ ಬಿಲ್ಲು... ನನಗೂ ಜರ್ಮನಿಯವರು ಕೊಡಲಿಲ್ಲ ಕಣೋ. ನಿನಗೆ ಹೇಳೋಕೆ ನಾಚಿಕೆ ಆಯ್ತು" ಎಂದರು.

"ಮೊದಲು ಕಾರ್ಡಿಗೆ ಸಹಿ ಹಾಕು" ಎಂದರು ಇವರು.

ಸೂಚ್ಯಂಕ ಮುಂದಿನ ವಾರ ಕೈಗೆ ಬಂದಿತು. ಅಟ್ಟದ ಚೀಲದಲ್ಲಿದ್ದ 2008ರ ಕಾರ್ಡೂ ಈ ಹೊಸ ಕಾರ್ಡಿನ ಪ್ರತಿಯೂ ಈಗ ಕಾರ್ಖಾನೆಯ ಕಚೇರಿಯ ಮೇಜಿನ ಗಾಜಿನ ಕೆಳಗಿವೆ; ಸಹಿಗಳು ಅವೇ, ಅಕ್ಷರಗಳು ಸ್ವಲ್ಪ ನಡುಗಿವೆ. ಬಾಕಿಯ ಬಗ್ಗೆ ಇಬ್ಬರೂ ಮತ್ತೆ ಮಾತೆತ್ತಿಲ್ಲ. ದಾವೆ ಹೂಡುವ ಮೂರು ವರ್ಷಗಳ ಕಾಲಮಿತಿ ಎಂದೋ ಮುಗಿದಿದೆ, ಪುಸ್ತಕದಲ್ಲಿ ಅದು ವಜಾ ಆಗಿದೆ. ಮುಂದೆಂದಾದರೂ ಗೆಳೆಯರು ತಾವಾಗಿಯೇ ಕೊಟ್ಟರೆ, ಕೈಗೆ ಬಂದ ವರ್ಷದ ಆದಾಯವೆಂದು ತೋರಿಸಿ ಕಂಪನಿ ತೆರಿಗೆ ಕಟ್ಟಬೇಕಾಗುತ್ತದೆ. ಭಾನುವಾರದ ಬೆಳಗಿನ 6 ಗಂಟೆ 40 ನಿಮಿಷದ ಸರದಿಗೆ ಮಾತ್ರ ಪ್ರತಿ ವಾರವೂ ಎರಡು ಹೆಸರುಗಳನ್ನು ಒಟ್ಟಿಗೇ ಬರೆಸಲಾಗುತ್ತಿದೆ.